ಫಾಲ್ ಸೀಸನ್ನಿನ ಶಾರ್ಕೂಟರಿ ಬೋರ್ಡ್: ನೆಂಟರು ಬರುವ ಮುಂಚೆ ಎಲ್ಲರೂ ಕೇಳುವ ಪ್ರಶ್ನೆಗಳು

ಫಾಲ್ ಅಂದರೆ ಅಮೆರಿಕದ ಶರತ್ಕಾಲ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದವರೆಗೆ ನಮ್ಮ ನ್ಯೂಜೆರ್ಸಿ ಮನೆಗೆ ಜನ ಬರುವುದು ಜಾಸ್ತಿ. ದಸರಾ ಗೊಂಬೆ ನೋಡಲು ಬರುವವರು, ದೀಪಾವಳಿಗೆ ಬರುವವರು, ಮಕ್ಕಳ ಗೆಳೆಯರ ಅಪ್ಪ ಅಮ್ಮಂದಿರು, ಆಫೀಸಿನವರು. ಎಲ್ಲರಿಗೂ ಬಿಸಿ ಬಿಸಿ ಬೋಂಡ ಕರಿಯುತ್ತಾ ನಿಂತರೆ ಮಾತಾಡುವುದು ಯಾವಾಗ? ಹಾಗಾಗಿ ಕೆಲವು ವರ್ಷಗಳಿಂದ, ಚೀಸ್, ಮಾಂಸ, ಹಣ್ಣು, ಬೀಜ ಎಲ್ಲ ಒಂದು ಹಲಗೆಯ ಮೇಲೆ ಜೋಡಿಸಿಡುವ ಈ ಶಾರ್ಕೂಟರಿ ಬೋರ್ಡ್ ಮಾಡುತ್ತಿದ್ದೇನೆ. ನೋಡಿದವರು ಫೋನಿನಲ್ಲಿ, ವಾಟ್ಸಾಪಿನಲ್ಲಿ, ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದ ಪ್ರಶ್ನೆಗಳು ಇವು. ಅವರು ಕೇಳಿದ ಧಾಟಿಯಲ್ಲೇ ಬಿಟ್ಟಿದ್ದೇನೆ.

## ಮೊದಲ ಸಲ ಮಾಡುವವರಿಗೆ

"ಶಾರ್ಕೂಟರಿ ಅಂದ್ರೆ ಏನು? ಚೀಸ್ ಪ್ಲೇಟಿಗೇ ಇಷ್ಟು ದೊಡ್ಡ ಹೆಸರಾ?"

ಮೂಲದಲ್ಲಿ ಅದು ಚೀಸೇ ಅಲ್ಲ, ಮಾಂಸ. ಫ್ರೆಂಚಿನಲ್ಲಿ 'ಶೇರ್' ಅಂದರೆ ಮಾಂಸ, 'ಕ್ವಿ' ಅಂದರೆ ಬೇಯಿಸಿದ್ದು. ಹಂದಿ ಮಾಂಸಕ್ಕೆ ಉಪ್ಪು ಹಾಕಿ, ಹೊಗೆ ಕೊಟ್ಟು, ಬೇಯಿಸಿ ಮಾರುವ ಅಂಗಡಿಗೂ, ಅಲ್ಲಿ ಸಿಗುವ ಸರಕಿಗೂ ಶಾರ್ಕೂಟರಿ ಎಂದೇ ಹೆಸರು. ಅಮೆರಿಕದಲ್ಲಿ ಅದರ ಪಕ್ಕಕ್ಕೆ ಚೀಸ್, ಹಣ್ಣು, ಬೀಜ, ಕ್ರ್ಯಾಕರ್ ಎಂಬ ಗರಿಗರಿ ಬಿಸ್ಕತ್ತು ಎಲ್ಲ ಬಂದು ಕೂತವು. ಈಗ ಮಾಂಸದ ಒಂದು ಚೂರೂ ಇಲ್ಲದ ಹಲಗೆಗೂ ಜನ ಅದೇ ಹೆಸರು ಹೇಳುತ್ತಾರೆ. ಫ್ರಾನ್ಸಿನವರು ಮೂಗು ಮುರಿದರೆ ಮುರಿಯಲಿ. ಹೇಳುವಾಗ 'ಚಾರ್' ಅನ್ನದೆ 'ಶಾರ್' ಅಂದರೆ ಸಾಕು.

"ಫಾಲ್ ಬೋರ್ಡ್ ಅಂತ ಬೇರೆ ಯಾಕೆ? ಪಕ್ಕದಲ್ಲಿ ಒಂದು ಪುಟ್ಟ ಕುಂಬಳಕಾಯಿ ಇಟ್ಟರೆ ಆಯ್ತಲ್ಲ?"

ಕುಂಬಳಕಾಯಿ ಬರೀ ಅಲಂಕಾರ. ಈ ತಿಂಡಿಗಳಿಗೂ ಶರತ್ಕಾಲಕ್ಕೂ ನಿಜವಾದ ನಂಟಿದೆ. ಯುರೋಪಿನ ಹಳ್ಳಿಗಳಲ್ಲಿ ಹಂದಿಗಳು ಶರತ್ಕಾಲವೆಲ್ಲ ಕಾಡಿನಲ್ಲಿ ಬಿದ್ದ ಓಕ್ ಕಾಯಿ ತಿಂದು ಕೊಬ್ಬುತ್ತಿದ್ದವು. ನವೆಂಬರ್ 11ರ ಸೇಂಟ್ ಮಾರ್ಟಿನ್ ಹಬ್ಬದ ಹೊತ್ತಿಗೆ ಚಳಿ ಶುರು. ಫ್ರಿಜ್ ಇಲ್ಲದ ಕಾಲದಲ್ಲಿ ಮಾಂಸ ಕೆಡದ ಹಾಗೆ ಉಪ್ಪು ಹಿಡಿಸಲು ಆ ಚಳಿಯೇ ಬೇಕಿತ್ತು. ಇನ್ನೊಂದು ಕಡೆ, ಬೇಸಿಗೆಯಲ್ಲಿ ಆಲ್ಪ್ಸ್ ಬೆಟ್ಟದ ಮೇಲೆ ಮೇಯುತ್ತಿದ್ದ ಹಸುಗಳು ಸೆಪ್ಟೆಂಬರಿನಲ್ಲಿ ಕೆಳಗಿಳಿಯುತ್ತವೆ. ಅವುಗಳ ಹಾಲಿನಿಂದ ಮಾಡಿದ ಗಾಲಿಯಾಕಾರದ ಚೀಸ್‌ಗಳೂ ಜೊತೆಗೆ ಇಳಿಯುತ್ತವೆ. ಸೇಬು, ಪೇರ್, ದ್ರಾಕ್ಷಿ, ವಾಲ್‌ನಟ್ ಎಲ್ಲ ಆಗಲೇ ಕೊಯ್ಲಿಗೆ ಬರುತ್ತವೆ.

ನಮ್ಮಲ್ಲಿ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಎಲ್ಲ ಬೇಸಿಗೆಯ ಕೆಲಸ. ಬಿಸಿಲಿದ್ದಾಗ ಒಣಗಿಸಿ ಮಳೆಗಾಲಕ್ಕೆ ಎತ್ತಿಡುತ್ತೇವೆ. ಅಲ್ಲಿ ಚಳಿ ಹಿಡಿದುಕೊಂಡು ಅದನ್ನೇ ಮಾಡಿದರು. ಇದು ತಲೆಯಲ್ಲಿದ್ದರೆ ಏನು ಇಡಬೇಕು ಎನ್ನುವುದು ತಾನಾಗಿ ಹೊಳೆಯುತ್ತದೆ. ಅಕ್ಟೋಬರಿನಲ್ಲಿ ಸ್ಟ್ರಾಬೆರಿ, ಕಲ್ಲಂಗಡಿ ಇಟ್ಟವರನ್ನು ನೋಡಿದರೆ ನನಗೆ ಕೈ ತುರಿಸುತ್ತದೆ.

"ಎಂಟು ಜನ ಬರ್ತಾರೆ. ಎಷ್ಟು ತರಬೇಕು?"

ಆಮೇಲೆ ಊಟ ಇದೆಯೋ ಇಲ್ಲವೋ ಅದರ ಮೇಲೆ ಹೋಗುತ್ತದೆ. ಊಟ ಇದ್ದರೆ ತಲೆಗೆ ಸುಮಾರು 60 ಗ್ರಾಂ ಚೀಸ್, ಮಾಂಸ ತಿನ್ನುವವರಿಗೆ ಇನ್ನೊಂದು 60 ಗ್ರಾಂ ಮಾಂಸ. ಎಂಟು ಜನಕ್ಕೆ ಒಂದು ಪೌಂಡ್ ಚೀಸ್ ಸರಿಯಾಯಿತು. ಅವರಲ್ಲಿ ನಾಲ್ವರು ಮಾತ್ರ ಮಾಂಸ ತಿನ್ನುವವರಾದರೆ ಅರ್ಧ ಪೌಂಡ್ ಸಾಕು. ಬೋರ್ಡೇ ಊಟ ಅಂದರೆ ಎರಡನ್ನೂ ದುಪ್ಪಟ್ಟು ಮಾಡಿ. ಎರಡು ಸೇಬು, ಒಂದು ಪೇರ್, ಒಂದು ಗೊಂಚಲು ದ್ರಾಕ್ಷಿ, ಎರಡು ಬಗೆ ಕ್ರ್ಯಾಕರ್, ಒಂದು ಉದ್ದ ಬ್ರೆಡ್, ಒಂದೆರಡು ಹಿಡಿ ಬೀಜ. ಅಂದಾಜು 12 ಇಂಚು ಅಗಲ, 18 ಇಂಚು ಉದ್ದದ ಹಲಗೆಯಲ್ಲಿ ಇಷ್ಟು ಹಿಡಿಸುತ್ತದೆ.

ಮಾಂಸವನ್ನು ಪ್ಯಾಕೆಟ್ಟಿನಲ್ಲಿ ತರುವ ಬದಲು ಡೆಲಿ ಕೌಂಟರಿನಲ್ಲಿ ಕಾಲು ಪೌಂಡ್ ಲೆಕ್ಕದಲ್ಲಿ ಕತ್ತರಿಸಿ ಕೊಡಿ ಎಂದು ಕೇಳಿ. ಪ್ರೊಷುಟ್ಟೊ, ಅಂದರೆ ಉಪ್ಪು ಹಾಕಿ ಒಣಗಿಸಿದ ಹಂದಿ ಮಾಂಸ ಆದರೆ ತೀರಾ ತೆಳ್ಳಗೆ, ಮಧ್ಯೆ ಕಾಗದ ಹಾಕಿ ಕೊಡಲು ಹೇಳಿ. ಇಲ್ಲದಿದ್ದರೆ ಮನೆಗೆ ಬರುವಷ್ಟರಲ್ಲಿ ಒಂದೇ ಮುದ್ದೆ.

"ಅಂಗಡಿಯಲ್ಲಿ ನೂರು ಥರ ಚೀಸ್. ನೋಡಿದ್ರೇ ತಲೆ ತಿರುಗುತ್ತೆ. ಯಾವುದು ತರಲಿ?"

ಮೂರು ಸಾಕು. ಒಂದು ಮೆತ್ತಗೆ, ಒಂದು ಗಟ್ಟಿ, ಒಂದು ಘಾಟು ರುಚಿಯದು. ಮೆತ್ತಗಿನದಕ್ಕೆ ಬ್ರೀ ಅಥವಾ ಮೇಕೆ ಹಾಲಿನ ಚೀಸ್. ಗಟ್ಟಿಗೆ ವರ್ಮಾಂಟಿನ ಹಳೆಯ ಚೆಡ್ಡರ್ ಅಥವಾ ಚೆನ್ನಾಗಿ ಮಾಗಿದ ಗೌಡಾ. ಮಾಗಿದ ಗೌಡಾ ಕಚ್ಚಿದಾಗ ಹಲ್ಲಿಗೆ ಸಕ್ಕರೆ ಹರಳಿನಂಥದ್ದು ಸಿಗುತ್ತದಲ್ಲ, ಅದು ಉಪ್ಪಲ್ಲ. ಪ್ರೋಟೀನ್ ಒಡೆದು ಹರಳುಗಟ್ಟಿದ್ದು, ಚೀಸ್ ಹಳತಾಗಿದೆ ಎನ್ನುವುದಕ್ಕೆ ಗುರುತು. ಮೂರನೆಯದು ನೀಲಿ ಗೆರೆಯ ಬ್ಲೂ ಚೀಸ್, ಗೊರ್ಗೊಂಜೋಲಾ ಥರದ್ದು.

ಫಾಲ್ ಬಣ್ಣ ಬೇಕು ಅಂತಿದ್ದರೆ ಮಿಮೊಲೆಟ್ ನೋಡಿ. ಫ್ರಾನ್ಸಿನ ಲಿಲ್ ಕಡೆಯದು, ಒಳಗೆ ಅಪ್ಪಟ ಕುಂಬಳಕಾಯಿ ಬಣ್ಣ. ಅನಾಟೊ ಬೀಜದಿಂದ ಆ ಬಣ್ಣ ಬರುತ್ತದೆ. ಅದರ ಸಿಪ್ಪೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಹುಳುಗಳನ್ನು ಬೇಕೆಂದೇ ಬಿಡುತ್ತಾರೆ. ಈ ಹುಳುಗಳ ದೆಸೆಯಿಂದ 2013ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಎಫ್‌ಡಿಎ ಅದರ ಆಮದನ್ನೇ ತಡೆಹಿಡಿದಿತ್ತು. ನೆಂಟರ ಮುಂದೆ ಈ ಕಥೆ ಬಿಚ್ಚಬೇಡಿ, ಯಾರೂ ಮುಟ್ಟುವುದಿಲ್ಲ. ಸಾದಾ ಕಿತ್ತಳೆ ಚೆಡ್ಡರ್ ಕೂಡ ಕೆಲಸ ನಡೆಸುತ್ತದೆ.

"ಪ್ರೊಷುಟ್ಟೊ, ಸಲಾಮಿ ಹಸಿ ಮಾಂಸ ಅಂತಾರೆ. ಹಾಗೇ ತಿನ್ನಬಹುದಾ?"

ಬೇಯಿಸಿಲ್ಲ ನಿಜ, ಆದರೆ ಹಸಿ ಅನ್ನುವ ಹಾಗೂ ಇಲ್ಲ. ಪಾರ್ಮಾ ಪ್ರೊಷುಟ್ಟೊಗೆ ಬೇಕಾದ್ದು ಎರಡೇ, ಹಂದಿಯ ಹಿಂಗಾಲು ಮತ್ತು ಉಪ್ಪು. ಒಂದು ವರ್ಷಕ್ಕೂ ಮೇಲೆ ಗಾಳಿಯಲ್ಲಿ ನೇತುಹಾಕಿ ಒಣಗಿಸುತ್ತಾರೆ. ನೀರು ಹೋಗಿ ಉಪ್ಪು ಸೇರಿದ ಮೇಲೆ ಕೆಡಿಸುವ ಜೀವಿಗಳಿಗೆ ಅಲ್ಲಿ ಬದುಕಲು ಜಾಗವಿಲ್ಲ. ಸಲಾಮಿಯಲ್ಲಿ ಕೊಚ್ಚಿದ ಮಾಂಸವನ್ನು ಮೊದಲು ಹುಳಿ ಬರಿಸುತ್ತಾರೆ. ನಮ್ಮ ಇಡ್ಲಿ ಹಿಟ್ಟು ಹುಳಿ ಬರುವುದೂ ಲ್ಯಾಕ್ಟಿಕ್ ಬ್ಯಾಕ್ಟೀರಿಯಾದಿಂದಲೇ, ಇದೂ ಹಾಗೆಯೇ. ಆಮೇಲೆ ಒಣಗಿಸುತ್ತಾರೆ. ಮೇಲಿನ ಬಿಳಿ ಪುಡಿ ಒಳ್ಳೆಯ ಬೂಷ್ಟು, ಹೆದರಬೇಡಿ. ಹಸಿರು, ಕಪ್ಪು ಕಂಡರೆ ಬಿಸಾಕಿ.

ಚೊರಿಜೊ ಎಂಬ ಹಂದಿ ಸಾಸೇಜಿನ ವಿಷಯದಲ್ಲಿ ಮಾತ್ರ ಎಚ್ಚರ. ಸ್ಪೇನಿನದು ಒಣಗಿಸಿದ್ದು, ಹೋಳು ಮಾಡಿ ಇಡಬಹುದು. ಮೆಕ್ಸಿಕೊದ್ದು ಸಾಮಾನ್ಯವಾಗಿ ಹಸಿ, ಬೇಯಿಸಲೇಬೇಕು. ಅಂಗಡಿಯಲ್ಲಿ ಎರಡರ ಹೆಸರೂ ಒಂದೇ.

## ಬರುವವರು ಯಾರು ಅಂತ ನೋಡಿ

"ಬರೋರಲ್ಲಿ ಅರ್ಧ ಜನ ಸಸ್ಯಾಹಾರಿಗಳು. ಒಂದೇ ಬೋರ್ಡಲ್ಲಿ ಆ ಕಡೆ ಈ ಕಡೆ ಇಟ್ಟರೆ ಆಗಲ್ವಾ?"

ಆಗಲ್ಲ. ಇದನ್ನು ನಾನು ಕಲಿತ ರೀತಿ ಹೇಳುತ್ತೇನೆ.

ಮೊದಲ ಸಲ ಮಾಡಿದಾಗ ಬಲು ಚೆಂದಕ್ಕೆ ಜೋಡಿಸಿದ್ದೆ. ಎಡಕ್ಕೆ ಸಲಾಮಿ, ಬಲಕ್ಕೆ ಚೀಸ್, ನಡುವೆ ಬೇಲಿ ಥರ ದ್ರಾಕ್ಷಿ. ಗೆಳತಿಯ ಅಮ್ಮ ದಾವಣಗೆರೆಯಿಂದ ಬಂದಿದ್ದರು. ಸೋಫಾದ ತುದಿಯಲ್ಲಿ ಕೂತು ಎಲ್ಲರನ್ನೂ ಮಾತಾಡಿಸಿದರು. "ತಗೊಳ್ಳಿ ಅಮ್ಮಾ, ದ್ರಾಕ್ಷಿ ಆದ್ರೂ ತಗೊಳ್ಳಿ" ಅಂದೆ. "ಹೊಟ್ಟೆ ತುಂಬೈತವ್ವ, ಈಗ ಉಂಡು ಬಂದೆ" ಅಂದರು. ಎರಡು ಗಂಟೆ ಬರೀ ನೀರು ಕುಡಿದರು. ಹೊರಟ ಮೇಲೆ ಬೋರ್ಡ್ ಎತ್ತಲು ಹೋದರೆ, ಕೆಳಗಿನ ದ್ರಾಕ್ಷಿಗಳಿಗೆ ಸಲಾಮಿಯ ಎಣ್ಣೆ ಹತ್ತಿ ಮಿಣಮಿಣ ಹೊಳೆಯುತ್ತಿತ್ತು. ಅವರಿಗೆ ಅದು ದೂರದಿಂದಲೇ ಕಂಡಿತ್ತು. ನನಗೆ ಕಂಡಿರಲಿಲ್ಲ.

ಅಂದಿನಿಂದ ಎರಡು ಬೋರ್ಡ್. ಒಂದೇ ಮೇಜಿನ ಎರಡು ತುದಿ ಸಾಲದು, ಎರಡು ಬೇರೆ ಜಾಗ. ಚಾಕು, ಚಮಚ, ಚಿಮಟ ಎಲ್ಲ ಬೇರೆ. ನಾನು ಮಾಂಸದ ಕಡೆಯ ಚಾಕುಗಳಿಗೆ ಕೆಂಪು ದಾರ ಕಟ್ಟುತ್ತೇನೆ. ಹೆಚ್ಚುವಾಗಲೂ ಸಸ್ಯಾಹಾರದ್ದನ್ನು ಮೊದಲು ಮುಗಿಸಿ ಎತ್ತಿಟ್ಟು, ಆಮೇಲೆ ಮಾಂಸ. ಸಸ್ಯಾಹಾರದ ಬೋರ್ಡನ್ನೇ ದೊಡ್ಡದಾಗಿ ಮಾಡಿ. ಮಾಂಸ ತಿನ್ನುವವರೂ ಅಲ್ಲಿಗೆ ಬರುತ್ತಾರೆ, ಸಸ್ಯಾಹಾರಿಗಳು ಮಾಂಸದ ಬೋರ್ಡಿನ ಕಡೆ ಬರುವುದಿಲ್ಲ.

"ಚೀಸ್ ವೆಜ್ ತಾನೇ? ಹಾಲಿಂದಲೇ ಅಲ್ವಾ ಮಾಡೋದು?"

ಎಲ್ಲ ಚೀಸೂ ಅಲ್ಲ. ಪನೀರಿಗೆ ನಿಂಬೆಹುಳಿ ಹಿಂಡಿ ಹಾಲು ಒಡೆಸುತ್ತೇವೆ. ಹೆಚ್ಚಿನ ಚೀಸುಗಳಿಗೆ ಹಾಲು ಗಟ್ಟಿಯಾಗಲು ರೆನೆಟ್ ಎಂಬ ಕಿಣ್ವ ಹಾಕುತ್ತಾರೆ. ಹಳೆಯ ಪದ್ಧತಿಯಲ್ಲಿ ಅದನ್ನು ತೆಗೆಯುವುದು ಹಾಲು ಕುಡಿಯುವ ಎಳೆಗರುವಿನ ಹೊಟ್ಟೆಯಿಂದ. ಕರು ಸತ್ತ ಮೇಲೆಯೇ ಅದು ಸಿಗುವುದು. ಇದು ಗೊತ್ತಾದ ದಿನ ನಮ್ಮ ಅತ್ತೆ ಒಂದು ವಾರ ಪೀಟ್ಜಾ ಮುಟ್ಟಲಿಲ್ಲ.

ಕೆಲವು ಹೆಸರುಗಳನ್ನು ನೆನಪಿಟ್ಟುಕೊಳ್ಳಿ. ಪಾರ್ಮಿಜಾನೊ ರೆಜಾನೊ, ಗ್ರಾನಾ ಪಡಾನೊ, ಗ್ರುಯೇರ್, ಕೊಂಟೆ, ರಾಕ್‌ಫೋರ್ಟ್ ಇವುಗಳಲ್ಲಿ ಪ್ರಾಣಿ ರೆನೆಟ್ ಇದ್ದೇ ಇರುತ್ತದೆ, ಅವುಗಳ ನಿಯಮವೇ ಹಾಗೆ. ಸ್ಪೇನಿನ ಮಾಂಚೆಗೊ ಕೂಡ ಸಾಮಾನ್ಯವಾಗಿ ಅದೇ. ಗ್ರಾನಾ ಪಡಾನೊದಲ್ಲಿ ಮೊಟ್ಟೆಯಿಂದ ತೆಗೆದ ಲೈಸೋಜೈಮ್ ಕೂಡ ಇರುತ್ತದೆ, ಮೊಟ್ಟೆ ಬಿಟ್ಟವರು ಗಮನಿಸಿ.

ಸಮಾಧಾನದ ವಿಷಯವೂ ಇದೆ. 1990ರಲ್ಲಿ ಎಫ್‌ಡಿಎ, ರೆನೆಟ್ಟಿನ ಮುಖ್ಯ ಕಿಣ್ವವಾದ ಕೈಮೋಸಿನ್ ಅನ್ನು ಸೂಕ್ಷ್ಮಜೀವಿಗಳಿಂದ ತಯಾರಿಸಿ ಬಳಸಲು ಒಪ್ಪಿಗೆ ಕೊಟ್ಟಿತು. ಈಗ ಅಮೆರಿಕದಲ್ಲೇ ತಯಾರಾಗುವ ಹೆಚ್ಚಿನ ಚೀಸ್‌ಗೆ ಇಂಥದ್ದೇ. ಲೇಬಲ್ಲಿನಲ್ಲಿ 'ಮೈಕ್ರೋಬಿಯಲ್' ಅಥವಾ 'ವೆಜಿಟೇರಿಯನ್ ರೆನೆಟ್' ಎಂದಿದ್ದರೆ ಧೈರ್ಯವಾಗಿ ತನ್ನಿ. ಬರೀ 'ಎಂಜೈಮ್ಸ್' ಎಂದಿದ್ದರೆ ಎರಡೂ ಆಗಿರಬಹುದು. ಕಂಪನಿಯ ವೆಬ್‌ಸೈಟ್ ನೋಡಿ, ಇಲ್ಲವೇ ಬಿಟ್ಟುಬಿಡಿ. ಊರಲ್ಲಾದರೆ ಪ್ಯಾಕೆಟ್ಟಿನ ಹಸಿರು ಚುಕ್ಕಿ ನೋಡಿದರೆ ಮುಗಿಯಿತು. ಇಲ್ಲಿ ಆ ಸುಖವಿಲ್ಲ.

ಇನ್ನೊಂದು ಬಗೆಯೂ ಇದೆ. ಪೋರ್ಚುಗಲ್ಲಿನ ಸೆರಾ ಡ ಎಸ್ಟ್ರೆಲಾ, ಅಜೈಟಾವ್ ಚೀಸುಗಳಿಗೆ ಹಾಲು ಒಡೆಸುವುದು ಕಾರ್ಡೂನ್ ಎಂಬ ಮುಳ್ಳುಗಿಡದ ಹೂವಿನಿಂದ. ಕುರಿ ಹಾಲಿನದು, ಒಳಗೆ ಚಮಚದಲ್ಲಿ ತೆಗೆಯುವಷ್ಟು ಮೆತ್ತಗೆ. ದುಬಾರಿ. ಆದರೆ ಸಸ್ಯಾಹಾರಿ ನೆಂಟರ ಮುಂದೆ ಇದನ್ನಿಟ್ಟು ಹೂವಿನ ಕಥೆ ಹೇಳಿದರೆ ಅವರ ಮುಖ ನೋಡಬೇಕು ನೀವು.

"ಮಾಂಸ ತೆಗೆದರೆ ಬೋರ್ಡ್ ಬೋಳು ಬೋಳು ಕಾಣಲ್ವಾ?"

ಮಾಂಸ ಕೊಡುವುದು ಉಪ್ಪು, ಹೊಗೆ, ಅಗಿಯುವ ಸುಖ. ಇವು ಬೇರೆ ಕಡೆಯೂ ಸಿಗುತ್ತವೆ. ಎಣ್ಣೆಯಲ್ಲಿ ನೆನೆಸಿದ ಒಣ ಟೊಮ್ಯಾಟೊ, ಸುಟ್ಟು ಸಿಪ್ಪೆ ತೆಗೆದ ಕೆಂಪು ದಪ್ಪಮೆಣಸಿನಕಾಯಿ, ಹೊಗೆ ಕೊಟ್ಟ ಬಾದಾಮಿ, ಆಲಿವ್, ವಿನೆಗರಿನಲ್ಲಿ ಹಾಕಿದ ಪುಟ್ಟ ಸೌತೆ. ಅಣಬೆಯನ್ನು ಉದ್ದಕ್ಕೆ ಸೀಳಿ, ಎಣ್ಣೆ, ಸೋಯಾ ಸಾಸ್, ಹೊಗೆಯಾಡಿದ ಪ್ಯಾಪ್ರಿಕಾ ಸವರಿ ಅವನ್‌ನಲ್ಲಿ 375 ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಅಂಚು ಮುರುಟುವವರೆಗೆ ಬಿಡಿ. ಇದನ್ನು ತಿಂದ ಒಬ್ಬರು "ಇದು ಖಂಡಿತ ವೆಜ್ಜಾ?" ಎಂದು ಎರಡು ಸಲ ಕೇಳಿದ್ದರು.

"ಬೀಫ್ ಬೇಡ, ಕೆಲವರಿಗೆ ಪೋರ್ಕೂ ಬೇಡ. ಏನು ಉಳಿಯಿತು?"

ಟರ್ಕಿ, ಬಾತುಕೋಳಿ, ಮೀನು. ಹೊಗೆ ಕೊಟ್ಟ ಸಾಲ್ಮನ್ ಮೀನಿನ ತೆಳು ಹೋಳುಗಳು ಇವೆರಡನ್ನೂ ಬಿಟ್ಟವರಿಗೆ ನಡೆಯುತ್ತವೆ. ಬ್ರೆಸಾವೊಲಾ ದನದ ಮಾಂಸ, ನೋಡಲು ಪ್ರೊಷುಟ್ಟೊ ಹಾಗೇ ಇರುತ್ತದೆ. ಎಷ್ಟೋ ಸಲಾಮಿಗಳಲ್ಲಿ ಹಂದಿ, ದನ ಎರಡೂ ಬೆರೆತಿರುತ್ತವೆ. ಟರ್ಕಿ ಸಾಸೇಜಿನ ಹೊರಚರ್ಮ ಹಂದಿಯದಾಗಿರಬಹುದು. ಸಣ್ಣ ಚೀಟಿಯಲ್ಲಿ ಹೆಸರು ಬರೆದು ಪಕ್ಕದಲ್ಲಿಡಿ. ನೆಂಟರು ಕೇಳಲು ಸಂಕೋಚ ಪಡುತ್ತಾರೆ, ಓದಲು ಪಡುವುದಿಲ್ಲ.

"ಪುಟ್ಟ ಮಕ್ಕಳು, ಬಸುರಿ ಇದ್ದಾರೆ. ಏನು ನೋಡ್ಕೋಬೇಕು?"

ಬಸುರಿಯರಿಗೆ ಬಿಸಿ ಮಾಡದ ಸಲಾಮಿ, ಪ್ರೊಷುಟ್ಟೊ ಬೇಡ, ಹೊಗೆ ಕೊಟ್ಟ ಸಾಲ್ಮನ್ ಬೇಡ, ಕಾಯಿಸದ ಹಾಲಿನ ಮೆತ್ತನೆ ಚೀಸೂ ಬೇಡ. ಲಿಸ್ಟೀರಿಯಾ ಸೋಂಕಿನ ಭಯ. ಹಳೆಯ ಚೆಡ್ಡರ್‌ನಂಥ ಗಟ್ಟಿ ಚೀಸ್ ಕೊಡಿ. ಒಂದು ವರ್ಷದೊಳಗಿನ ಮಗುವಿಗೆ ಜೇನು ನಾಲಿಗೆಗೆ ಸವರಲೂ ಬಾರದು. ಪುಟ್ಟ ಮಕ್ಕಳಿಗೆ ಇಡೀ ದ್ರಾಕ್ಷಿ, ಇಡೀ ಬೀಜ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕಾಗಿ ಸೀಳಿ. ನಟ್ ಅಲರ್ಜಿ ಇರುವ ಮಗು ಬರುತ್ತದೆ ಎಂದರೆ ಅವತ್ತು ಬೀಜಗಳನ್ನು ಡಬ್ಬಿಯಿಂದ ಆಚೆಗೇ ತೆಗೆಯಬೇಡಿ.

## ಹಣ್ಣು, ಬೀಜ, ಜೋಡಣೆ

"ಯಾವ ಸೇಬು? ಎಲ್ಲ ಒಂದೇ ಅಲ್ವಾ?"

ತೋಟಕ್ಕೆ ಹೋಗಿ ನೀವೇ ಕಿತ್ತು ತಂದರೆ ಹೀಗೆ ಕೇಳುವುದಿಲ್ಲ. ಬೋರ್ಡಿಗೆ ಗರಿಗರಿ ಸೇಬು ಬೇಕು. ಮಿನೆಸೋಟಾ ವಿಶ್ವವಿದ್ಯಾಲಯ 1991ರಲ್ಲಿ ಹೊರತಂದ ಹನಿಕ್ರಿಸ್ಪ್ ಅದಕ್ಕೇ ಹುಟ್ಟಿದ ಹಾಗಿದೆ. ಮೆಕಿಂಟಾಷ್ ರುಚಿ ಚೆನ್ನ, ಆದರೆ ಬೇಗ ಮೆತ್ತಗಾಗುತ್ತದೆ. ಪೇರ್ ಒಳಗಿನಿಂದ ಹಣ್ಣಾಗುವ ಜಾತಿ. ಹೊಟ್ಟೆ ಒತ್ತಿ ನೋಡಬೇಡಿ, ತೊಟ್ಟಿನ ಹತ್ತಿರ ಒತ್ತಿ. ಅಲ್ಲಿ ಕೊಂಚ ಬಗ್ಗಿದರೆ ಸರಿಯಾಗಿದೆ.

ಪರ್ಸಿಮನ್ ಎಂಬ ಕಿತ್ತಳೆ ಬಣ್ಣದ ಹಣ್ಣು ತರುವವರು ಆಕಾರ ನೋಡಿ ತನ್ನಿ. ಟೊಮ್ಯಾಟೊ ಥರ ಚಪ್ಪಟೆ ಇರುವ ಫುಯು ಗಟ್ಟಿಯಿದ್ದಾಗಲೇ ತಿನ್ನಬಹುದು. ಉದ್ದುದ್ದ ಇರುವ ಹಚಿಯಾ ಪೂರ್ತಿ ಮೆತ್ತಗಾಗದೆ ತಿಂದರೆ ಎಳೆ ಬಾಳೆಕಾಯಿ ಕಚ್ಚಿದ ಹಾಗೆ ಬಾಯೆಲ್ಲ ಒಗರು. ಅಂಜೂರ ಸಿಕ್ಕರೆ ಬಿಡಬೇಡಿ, ಅಕ್ಟೋಬರ್ ದಾಟಿದರೆ ಸಿಗುವುದು ಕಷ್ಟ.

"ಸೇಬು ಹೆಚ್ಚಿದ ಹತ್ತು ನಿಮಿಷಕ್ಕೆ ಕಪ್ಪಾಗುತ್ತೆ. ಏನು ಮಾಡೋದು?"

ಒಂದು ಕಪ್ ನೀರಿಗೆ ಅರ್ಧ ಟೀ ಚಮಚ ಉಪ್ಪು, ಹೋಳುಗಳನ್ನು ಐದು ನಿಮಿಷ ಮುಳುಗಿಸಿ, ಒಮ್ಮೆ ತೊಳೆದು, ಬಟ್ಟೆಯಲ್ಲಿ ಒರೆಸಿ. ನಿಂಬೆ ನೀರೂ ಆಗುತ್ತದೆ, ಆದರೆ ಸೇಬಿಗೆ ಹುಳಿ ಹತ್ತುತ್ತದೆ. ಒರೆಸುವುದನ್ನು ಮಾತ್ರ ಮರೆಯಬೇಡಿ, ಒದ್ದೆ ಸೇಬಿನ ಪಕ್ಕದ ಕ್ರ್ಯಾಕರ್ ಮಳೆಗಾಲದ ಹಪ್ಪಳ ಆಗಿಬಿಡುತ್ತದೆ.

"ನಿಮ್ಮ ಮನೆಯ ಆ ಸಿಹಿ ಪೀಕಾನ್ ಹೇಗೆ ಮಾಡೋದು?"

ಪೀಕಾನ್ ಅಂದರೆ ವಾಲ್‌ನಟ್ ಥರದ ಬೀಜ. ಒಂದು ಕಪ್ ಪೀಕಾನ್ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿಯಿರಿ. ಎರಡು ದೊಡ್ಡ ಚಮಚ ಮೇಪಲ್ ಸಿರಪ್, ಒಂದು ಚಿಟಿಕೆ ಉಪ್ಪು, ಒಂದು ಚಿಟಿಕೆ ಬ್ಯಾಡಗಿ ಮೆಣಸಿನ ಪುಡಿ. ಕೈ ಬಿಡದೆ ತಿರುವಿ. ಸಿರಪ್ ಮೊದಲು ನೊರೆನೊರೆಯಾಗಿ ಉಕ್ಕುತ್ತದೆ, ಆಮೇಲೆ ಕುಗ್ಗಿ ಚಿಕ್ಕಿ ಪಾಕದ ಹಾಗೆ ಬೀಜಕ್ಕೆ ಅಂಟುತ್ತದೆ. ಬಾಣಲೆ ತಳ ಒಣಗಿದಂತೆ ಕಂಡ ಕ್ಷಣ ಇಳಿಸಿ, ಪಾರ್ಚ್‌ಮೆಂಟ್ ಕಾಗದದ ಮೇಲೆ ಬಿಡಿಬಿಡಿಯಾಗಿ ಹರಡಿ. ಇನ್ನರ್ಧ ನಿಮಿಷ ತಡ ಮಾಡಿದರೂ ಕಹಿ. ಎರಡು ದಿನ ಮೊದಲೇ ಮಾಡಿ ಡಬ್ಬಿಯಲ್ಲಿ ಇಡಬಹುದು. ಬಚ್ಚಿಡಬೇಕು ಅನ್ನುವುದು ಹೆಚ್ಚು ಸರಿ.

"ಜೋಡಿಸೋಕೆ ಕೂತರೆ ಎಲ್ಲಿಂದ ಶುರು ಮಾಡೋದು ಗೊತ್ತಾಗಲ್ಲ."

ಬಾಳೆ ಎಲೆಯಲ್ಲಿ ಉಪ್ಪಿಗೆ, ಪಲ್ಯಕ್ಕೆ, ಕೋಸಂಬರಿಗೆ ಜಾಗ ಗೊತ್ತು ಮಾಡಿಟ್ಟಿದ್ದಾರೆ. ಇಲ್ಲಿ ಆ ಕಟ್ಟುಪಾಡಿಲ್ಲ. ಹಾಗಾಗಿಯೇ ಕೈ ತಡವರಿಸುತ್ತದೆ. ಮೊದಲು ಬಟ್ಟಲುಗಳನ್ನಿಡಿ, ಜಾಮ್, ಜೇನು, ಆಲಿವ್. ಆಮೇಲೆ ಚೀಸುಗಳನ್ನು ಒಂದಕ್ಕೊಂದು ದೂರ ದೂರ ಇಡಿ. ಗಟ್ಟಿ ಚೀಸನ್ನು ಅರ್ಧ ಕತ್ತರಿಸಿ, ಅರ್ಧ ಹಾಗೇ ಬಿಡಿ. ಬ್ರೀಯನ್ನು ನೀವೇ ಒಂದು ತುಂಡು ಕತ್ತರಿಸಿ ತೆಗೆದಿಡಿ, ಇಡೀ ಚಕ್ರಕ್ಕೆ ಮೊದಲು ಚಾಕು ಹಾಕಲು ನಮ್ಮವರು ಹಿಂಜರಿಯುತ್ತಾರೆ. ಆಮೇಲೆ ಹಣ್ಣು, ಉಳಿದ ಸಂದುಗಳಿಗೆ ಬೀಜ. ಕ್ರ್ಯಾಕರ್ ಕಟ್ಟಕಡೆಗೆ.

ಮಾಂಸದ ಬೋರ್ಡಿನಲ್ಲಿ ಪ್ರೊಷುಟ್ಟೊವನ್ನು ಒಂದೊಂದೇ ಎತ್ತಿ ಸಡಿಲವಾಗಿ ಬೀಳಲು ಬಿಡಿ, ಮಡಚಬೇಡಿ. ಸಲಾಮಿ ಗುಲಾಬಿ ಮಾಡಬೇಕೆಂದರೆ ಒಂದು ಸಣ್ಣ ಗ್ಲಾಸಿನ ಅಂಚಿಗೆ ಹೋಳುಗಳನ್ನು ಒಂದರ ಮೇಲೊಂದು ಅರ್ಧರ್ಧ ಬರುವ ಹಾಗೆ ಮಡಚಿ ಹಾಕುತ್ತಾ ಎರಡು ಮೂರು ಸುತ್ತು ಬನ್ನಿ. ಗ್ಲಾಸನ್ನು ಮಗುಚಿದರೆ ಹೂವು. ಒಂದು ಸಾಕು. ಬೋರ್ಡ್ ತುಂಬ ಗುಲಾಬಿ ಮಾಡಿದರೆ ಮದುವೆ ಸ್ಟೇಜ್ ಆಗುತ್ತದೆ.

"ಕೆಂಪು ಎಲೆ, ಪುಟ್ಟ ಬಣ್ಣದ ಸೋರೆಕಾಯಿ ಎಲ್ಲ ಇಡಬಹುದಾ?"

ಬೋರ್ಡಿನ ಸುತ್ತ ಇಡಿ, ತಿಂಡಿಯ ಜೊತೆ ಬೇಡ. ರಸ್ತೆ ಬದಿಯ ಮೇಪಲ್ ಎಲೆಗೆ ಏನು ಸಿಂಪಡಿಸಿದ್ದಾರೋ, ಯಾವ ನಾಯಿ ಹಾದುಹೋಗಿದೆಯೋ! ಅಲಂಕಾರದ ಗೋರ್ಡ್‌ಗಳು ಕಹಿ ಸೋರೆಯ ಬಂಧುಗಳೇ. ಕಹಿ ಸೋರೆಯ ರಸ ಕುಡಿದು ಆಸ್ಪತ್ರೆ ಸೇರಿದ ಸುದ್ದಿ ಊರಲ್ಲಿ ಕೇಳಿರುತ್ತೀರಿ. ಇವುಗಳಲ್ಲೂ ಅದೇ ಕುಕುರ್ಬಿಟಾಸಿನ್ ವಿಷ ಇರಬಹುದು. ಬೇಲಿಯಲ್ಲಿ ಕಾಣುವ ಕಿತ್ತಳೆ ಬಣ್ಣದ ಬಿಟರ್‌ಸ್ವೀಟ್ ಕಾಯಿ ಕೂಡ ವಿಷ. ಹಸಿರು ಬೇಕಾದರೆ ರೋಸ್‌ಮೆರಿ, ಸೇಜ್, ಥೈಮ್ ಕಡ್ಡಿಗಳನ್ನಿಡಿ. ಕೈ ತಾಗಿದಾಗ ಅವುಗಳ ವಾಸನೆಯೂ ಏಳುತ್ತದೆ.

"ಎಷ್ಟು ಹೊತ್ತು ಮೊದಲು ಆಚೆ ಇಡಬೇಕು? ಎಷ್ಟು ಹೊತ್ತು ಬಿಡಬಹುದು?"

ಚೀಸನ್ನು ಬಡಿಸುವ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ಫ್ರಿಜ್ಜಿನಿಂದ ತೆಗೆಯಿರಿ. ತಣ್ಣಗಿದ್ದರೆ ಬ್ರೀಗೂ ಸಾಬೂನಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಅಲ್ಲಿಂದ ಮುಂದೆ ಗಡಿಯಾರ ನೋಡಿ. ಕೆಡುವಂಥ ತಿಂಡಿ ಹೊರಗೆ 2 ಗಂಟೆ ಮೀರಬಾರದು ಎನ್ನುವುದು ಅಮೆರಿಕದ ಕೃಷಿ ಇಲಾಖೆ ಯುಎಸ್‌ಡಿಎ ನಿಯಮ. 90 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 32 ಸೆಲ್ಸಿಯಸ್ ದಾಟಿದರೆ ಒಂದೇ ಗಂಟೆ. ನಮ್ಮ ಜನ 6ಕ್ಕೆ ಅಂದರೆ 7:30ಕ್ಕೆ ಬರುವವರು, ಅಲ್ವಾ? ಹಾಗಾಗಿ ನಾನು ಎರಡು ಕಂತು ಮಾಡುತ್ತೇನೆ. ಅರ್ಧ ಬೋರ್ಡಿನ ಮೇಲೆ, ಅರ್ಧ ಫ್ರಿಜ್ಜಿನಲ್ಲಿ.

## ಕೈ ಪಳಗಿದ ಮೇಲೆ

"ಚಕ್ಕುಲಿ, ಉಪ್ಪಿನಕಾಯಿ ಇಟ್ಟರೆ ಜನ ನಗ್ತಾರಾ?"

ಇಡಿ. ಆದರೆ ಬಾಯಲ್ಲಿ ಕೂಡಿಬರುವುದನ್ನು ನೋಡಿ ಇಡಿ. ಇಂಗ್ಲೆಂಡಿನಲ್ಲಿ ಚೆಡ್ಡರ್ ಜೊತೆ ಸಿಹಿ ಹುಳಿಯ ಪಿಕಲ್ ತಿನ್ನುವುದು ಹಳೆಯ ರೂಢಿ. ಆ ಜಾಗಕ್ಕೆ ನಮ್ಮ ಗೊಜ್ಜು ಸೀದಾ ಕೂರುತ್ತದೆ. ನಾನು ಮಾಡುವುದು ಕ್ರ್ಯಾನ್‌ಬೆರಿ ಗೊಜ್ಜು. ಸೆಪ್ಟೆಂಬರ್ ಮಧ್ಯದಿಂದ ನವೆಂಬರ್ ಮಧ್ಯದವರೆಗೆ ಅದರ ಕೊಯ್ಲು. ಹಸಿಯಾಗಿ ತಿಂದರೆ ಕವಳಿಕಾಯಿಯಷ್ಟೇ ಹುಳಿ.

12 ಔನ್ಸಿನ ಒಂದು ಚೀಲ ಕ್ರ್ಯಾನ್‌ಬೆರಿ ತೊಳೆದು ಒರೆಸಿ. ಎಳ್ಳೆಣ್ಣೆಯಲ್ಲಿ ಸಾಸಿವೆ, ಇಂಗು ಸಿಡಿಸಿ ಕ್ರ್ಯಾನ್‌ಬೆರಿ ಹಾಕಿ. ಪಟ್ ಪಟ್ ಎಂದು ಒಡೆಯಲು ಶುರು ಮಾಡುತ್ತವೆ, ತಟ್ಟೆ ಮುಚ್ಚಿ. ಮೆತ್ತಗಾದ ಮೇಲೆ ಮುಕ್ಕಾಲು ಕಪ್ ಬೆಲ್ಲ, ಎರಡು ಟೀ ಚಮಚ ಬ್ಯಾಡಗಿ ಪುಡಿ, ಅರ್ಧ ಟೀ ಚಮಚ ಹುರಿದ ಮೆಂತ್ಯದ ಪುಡಿ, ಉಪ್ಪು. ಆರಿದ ಮೇಲೆ ತಾನೇ ಗಟ್ಟಿಯಾಗುತ್ತದೆ, ಒಲೆಯ ಮೇಲೆ ಜಾಸ್ತಿ ಕುದಿಸಬೇಡಿ. ಹಳೆಯ ಚೆಡ್ಡರ್ ಮೇಲೆ ಇದನ್ನು ಸವರಿಕೊಂಡ ಆಫೀಸಿನ ಒಬ್ಬರು ಬಟ್ಟಲನ್ನೇ ತಮ್ಮ ಕಡೆ ಎಳೆದುಕೊಂಡರು.

ಚಕ್ಕುಲಿಗಿಂತ ನಿಪ್ಪಟ್ಟು ಮೇಲು, ಅದರ ಮೇಲೆ ಚೀಸ್ ನಿಲ್ಲುತ್ತದೆ. ಆದರೆ ಮೇಕೆ ಚೀಸಿನಂಥ ಸಪ್ಪೆಯದರ ಜೊತೆ ಮಾತ್ರ. ಬ್ಲೂ ಚೀಸ್ ಮತ್ತು ನಿಪ್ಪಟ್ಟಿನ ಇಂಗು ಸೇರಿದರೆ ಯುದ್ಧ.

"ಬ್ಲೂ ಚೀಸ್ ಯಾರೂ ಮುಟ್ಟಲ್ಲ. ಸುಮ್ನೆ ದಂಡ ಅಲ್ವಾ?"

ಒಂಟಿಯಾಗಿ ಇಟ್ಟರೆ ದಂಡವೇ. ಪಕ್ಕದಲ್ಲಿ ಪೇರ್ ಹೋಳು, ಜೇನು ಇಡಿ. ಅದರ ಉಪ್ಪು, ಘಾಟು ಸಿಹಿಯ ಜೊತೆ ತಗ್ಗುತ್ತದೆ. ಒಂದು ಪೇರ್ ಹೋಳಿನ ಮೇಲೆ ಕಡಲೆಕಾಳಿನಷ್ಟು ಚೀಸ್, ಒಂದು ಹನಿ ಜೇನು ಹಾಕಿ ನೀವೇ ಕೈಗೆ ಕೊಡಿ. ಎರಡನೆಯದನ್ನು ಅವರೇ ಮಾಡಿಕೊಳ್ಳುತ್ತಾರೆ.

"ಫಾಲ್‌ನಲ್ಲಿ ಮಾತ್ರ ಸಿಗೋ ಚೀಸ್ ಅಂತ ಇದ್ಯಾ?"

ಇದೆ. ಫ್ರಾನ್ಸಿನ ಮಾಂಟ್ ಡೋರ್ ತಯಾರಿ ಆಗಸ್ಟ್ 15ರಿಂದ ಮಾರ್ಚ್ 15ರವರೆಗೆ ಮಾತ್ರ. ಸ್ಪ್ರೂಸ್ ಮರದ ತೊಗಟೆಯ ಪಟ್ಟಿ ಕಟ್ಟಿರುತ್ತಾರೆ, ಒಳಗೆ ಪಾಯಸದ ಹದ. ಆದರೆ ಅದು ಕಾಯಿಸದ ಹಾಲಿನದು. ಅಂಥ ಚೀಸ್ ಕನಿಷ್ಠ 60 ದಿನ ಮಾಗಿರಬೇಕು ಎಂಬುದು ಅಮೆರಿಕದ ಕಾನೂನು. ಹಾಗಾಗಿ ಅಸಲಿ ಇಲ್ಲಿಗೆ ಬರುವುದಿಲ್ಲ. ಅದರ ದಾರಿಯಲ್ಲೇ ವಿಸ್ಕಾನ್ಸಿನ್ನಿನ ಅಪ್‌ಲ್ಯಾಂಡ್ಸ್‌ನವರು ರಶ್ ಕ್ರೀಕ್ ರಿಸರ್ವ್ ಮಾಡುತ್ತಾರೆ. ಹಸು ಹಸಿರು ಹುಲ್ಲಿನಿಂದ ಒಣಹುಲ್ಲಿಗೆ ಬರುವ ಹೊತ್ತಿನ ಕೊಬ್ಬಿನ ಹಾಲು ಅದಕ್ಕೆ. ಒರೆಗಾನ್ ರಾಜ್ಯದ ರೋಗ್ ರಿವರ್ ಬ್ಲೂ ಕೂಡ ಶರತ್ಕಾಲದ ಹಾಲಿನದೇ. ಪೇರ್ ಮದ್ಯದಲ್ಲಿ ನೆನೆಸಿದ ದ್ರಾಕ್ಷಿ ಎಲೆ ಸುತ್ತಿರುತ್ತಾರೆ. 2019ರಲ್ಲಿ ಇಟಲಿಯ ಬೆರ್ಗಾಮೊದಲ್ಲಿ ನಡೆದ ವರ್ಲ್ಡ್ ಚೀಸ್ ಅವಾರ್ಡ್ಸ್‌ನಲ್ಲಿ ಮೊದಲ ಸ್ಥಾನ ಗೆದ್ದಿತು. ಅಮೆರಿಕದ ಚೀಸೊಂದು ಅದನ್ನು ಗೆದ್ದದ್ದು ಅದೇ ಮೊದಲು. ಬೆಲೆ ನೋಡಿದರೆ ಎದೆ ಝಲ್ ಅನ್ನುತ್ತದೆ, ಕಾಲು ಪೌಂಡಿಗಿಂತ ಜಾಸ್ತಿ ನಾನು ಯಾವತ್ತೂ ತಂದಿಲ್ಲ.

"ಕುಡಿಯೋಕೆ ಏನು ಕೊಡೋದು? ನಮ್ಮಲ್ಲಿ ವೈನ್ ಇಲ್ಲ."

ಸೇಬಿನ ಸೈಡರ್. ಇಲ್ಲಿ ಸೈಡರ್ ಅಂದರೆ ಸೋಸದ ಸೇಬಿನ ರಸ, ಮದ್ಯ ಇರುವುದಕ್ಕೆ 'ಹಾರ್ಡ್ ಸೈಡರ್' ಅನ್ನುತ್ತಾರೆ. ಅರ್ಧ ಗ್ಯಾಲನ್‌ಗೆ ಎರಡು ತುಂಡು ಚಕ್ಕೆ, ಆರು ಲವಂಗ, ಜಜ್ಜಿದ ಶುಂಠಿ, ಕಿತ್ತಳೆ ಹೋಳು. ಒಂದು ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ 20 ನಿಮಿಷ. ತೋಟದಲ್ಲಿ ಮಾರುವ ಪಾಶ್ಚರೀಕರಿಸದ ಸೈಡರ್ ಆದರೆ ಮಕ್ಕಳಿಗೆ, ವಯಸ್ಸಾದವರಿಗೆ ಕುದಿಸದೆ ಕೊಡಬೇಡಿ.

"ಉಳಿದದ್ದನ್ನು ಏನು ಮಾಡೋದು? ಬೋರ್ಡ್ ಹೇಗೆ ತೊಳೆಯೋದು?"

ಎರಡು ಗಂಟೆ ಮೀರಿ ಹೊರಗಿದ್ದ ಮಾಂಸ, ಮೆತ್ತನೆ ಚೀಸ್ ಕಸಕ್ಕೆ. ಹೊಟ್ಟೆ ಉರಿಯುತ್ತದೆ, ಆದರೂ ಕಸಕ್ಕೇ. ಗಟ್ಟಿ ಚೀಸನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತದೆ, ಪಾರ್ಚ್‌ಮೆಂಟ್ ಕಾಗದದಲ್ಲಿ ಸುತ್ತಿ ಡಬ್ಬಿಗೆ ಹಾಕಿ. ಮರುದಿನ ಬೆಳಿಗ್ಗೆ ಚೆಡ್ಡರ್ ತುರಿದು ದೋಸೆ ಮೇಲೆ ಹಾಕಿದರೆ ಮಕ್ಕಳು ತಕರಾರಿಲ್ಲದೆ ತಿನ್ನುತ್ತಾರೆ. ಸೇಬು, ಪೇರ್ ಹೋಳುಗಳು ಕೇಸರಿಬಾತ್‌ಗೆ.

ಮರದ ಬೋರ್ಡನ್ನು ನೀರಿನಲ್ಲಿ ನೆನೆಹಾಕಬೇಡಿ, ಡಿಶ್‌ವಾಷರಿಗೂ ಹಾಕಬೇಡಿ, ಸೀಳು ಬಿಡುತ್ತದೆ. ಬಿಸಿನೀರು, ಸೋಪಿನಲ್ಲಿ ಬೇಗ ತೊಳೆದು, ಒರೆಸಿ, ನಿಲ್ಲಿಸಿ ಒಣಗಿಸಿ. ತಿಂಗಳಿಗೊಮ್ಮೆ ಅಡುಗೆಮನೆ ಹಲಗೆಗೆಂದೇ ಮಾರುವ ಮಿನರಲ್ ಆಯಿಲ್ ಸವರಿ. ನಾನು ಮೊದಲ ವರ್ಷ ದುಡ್ಡು ಉಳಿಸಲು ಹೋಗಿ ಕಡಲೆಕಾಯಿ ಎಣ್ಣೆ ಸವರಿ ಎತ್ತಿಟ್ಟಿದ್ದೆ. ಮುಂದಿನ ಸೆಪ್ಟೆಂಬರಿನಲ್ಲಿ ತೆಗೆದರೆ ಕಮಟು ವಾಸನೆ. ಎಷ್ಟು ಉಜ್ಜಿದರೂ ಹೋಗಲಿಲ್ಲ. ಆ ಬೋರ್ಡ್ ಈಗ ತುಳಸಿ ಕುಂಡದ ಕೆಳಗಿದೆ.